ಪುನರ್ಮಿಲನ ಯಂತ್ರ ಮತ್ತು ಬ್ರೇಕ್ ಫೇಲ್ ಬ್ಯಾಂಡು

ತುಮಕೂರಿನ ಪಂಚಾಕ್ಷರಿಯವರು ತಮ್ಮ ಹೊಸ ಯಂತ್ರದ ಮೇಲೆ ಹೊದಿಸಿದ್ದ ಹಳೇ ಬೆಡ್‌ಶೀಟನ್ನು ಸರ್ರನೆ ಎಳೆದರು. ಅವರ ಹೆಂಡತಿ ಕುಮುದಾ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡಳು. ಅನುಭವ! ಹೋದ ಸಲ ಹೀಗೇ ಬೆಡ್‌ಶೀಟು ಎಳೆದಾಗ ದೋಸೆ ಮಗುಚುವ ಯಂತ್ರ ದೋಸೆಯ ಜೊತೆಗೆ ಕಾವಲಿಯನ್ನೂ, ಕಾವಲಿಯ ಜೊತೆಗೆ ಒಲೆಯನ್ನೂ ಮಗುಚಿ ಹಾಕಿತ್ತು.

"ಕಣ್ಣು ಬಿಡೇ ಕುಮುದಾ! ಇದು ಪುನರ್ಮಿಲನ ಯಂತ್ರ!"

ಕುಮುದಾ ಒಂದು ಕಣ್ಣು ಬಿಟ್ಟಳು. ಅಂಗಳದ ನಡುವೆ ಎದೆಯೆತ್ತರದ ಕಬ್ಬಿಣದ ಒಡಲು, ಮೇಲೆ ಅಗಲವಾದ ತಗಡಿನ ಬಾಯಿ, ಸುತ್ತಲೂ ತಾಮ್ರದ ತಂತಿಯ ಸುರುಳಿ, ಪಕ್ಕದಲ್ಲಿ ಕಟ್ಟಿದ ಟೇಪ್ ರೆಕಾರ್ಡರ್. ಪಂಚಾಕ್ಷರಿಯವರದು ಸುಟ್ಟುಹೋದ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ. ಹಾಗಾಗಿ ತಂತಿಗೆ ಬರವಿಲ್ಲ. ಉಳಿದದ್ದೆಲ್ಲ ಗುಜರಿಯಿಂದ ತಂದು ಹಸಿರು ಬಣ್ಣ ಬಳಿದದ್ದು.

"ಹಳೇ ರೆಕಾರ್ಡಿಂಗ್ ಯಾವುದಾದ್ರೂ ಹಾಕು. ಅದರಲ್ಲಿ ಯಾರ ಸದ್ದಿದೆಯೋ ಅವರೆಲ್ಲ ಬಂದು ಸೇರ್ತಾರೆ. ಆವತ್ತು ಏನು ಮಾಡ್ತಿದ್ರೋ ಅದನ್ನೇ ಮುಂದುವರಿಸ್ತಾರೆ!"

"ರೀ, ಸುಮ್ನಿರಿ!"

ಪಂಚಾಕ್ಷರಿಯವರು ಸುಮ್ಮನಿರುವ ಪೈಕಿಯಲ್ಲ. ಪಕ್ಕದ ಬೀದಿಯ ಮೂವರು ಹೋದ ವರ್ಷ ಇದೇ ಜಗಲಿಯ ಮೇಲೆ ಇಸ್ಪೀಟಾಡುತ್ತ ಜಗಳವಾಡಿ, ಆವತ್ತಿನಿಂದ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಆವತ್ತಿನ ಆಟ, ಜಗಳ ಎರಡೂ ಪಂಚಾಕ್ಷರಿಯವರ ಫೋನಿನಲ್ಲಿ ರೆಕಾರ್ಡಾಗಿದ್ದವು. ಅದನ್ನು ಯಂತ್ರಕ್ಕೆ ಕೇಳಿಸಿ ಗುಂಡಿ ಒತ್ತಿದರು. ಕಾಫಿ ಆರುವಷ್ಟರಲ್ಲಿ ಮೂವರೂ ಗೇಟು ತಳ್ಳಿಕೊಂಡು ಬಂದರು! ಒಬ್ಬರ ಅರ್ಧ ಮುಖಕ್ಕೆ ಗಡ್ಡದ ಸೋಪು ಹಾಗೇ ಇತ್ತು. ಜಗಲಿಯ ಮೇಲೆ ಕೂತು ಎಲೆ ಹಂಚಿದರು. ಪಂಚಾಕ್ಷರಿಯವರು ಯಂತ್ರ ಆಫ್ ಮಾಡಿದಾಗ ಮೂವರೂ ಬೆಚ್ಚಿ ಮುಖ ಮುಖ ನೋಡಿಕೊಂಡರು.

"ಸರಿ ಬಿಡ್ರಪ್ಪಾ, ಎಲೆ ಹಂಚಾಗಿದೆ. ಈ ಆಟ ಮುಗಿಸೇ ಎದ್ದರಾಯ್ತು," ಎಂದರು ಸೋಪಿನವರು.

ಕುಮುದಾ ಬಾಯಿ ಬಿಟ್ಟಳು, ಮುಚ್ಚುವುದನ್ನು ಮರೆತಳು. ಮದುವೆಯಾದಾಗಿನಿಂದ ಗಂಡನ ಯಂತ್ರವೊಂದು ಹೇಳಿದ ಕೆಲಸವನ್ನು ಹೇಳಿದ ಹಾಗೆ ಮಾಡಿದ್ದು ಇದೇ ಮೊದಲು.

ಆದರೆ ಪುನರ್ಮಿಲನ ಅನ್ನುವ ಪದವೇ ಅವಳಿಗೆ ಆಗದು. ಪ್ರತಿ ಭಾನುವಾರ ಬೆಳಿಗ್ಗೆ ಅಡುಗೆಮನೆಯ ಕಟ್ಟೆಗೆ ಫೋನು ಒರಗಿಸಿ 'ಕುಮುದಕ್ಕನ ಕಿವಿ' ಎಂಬ ಕಾರ್ಯಕ್ರಮ ನಡೆಸುತ್ತಿದ್ದಳು. ವಾರದ ಸಂಗೀತ ಸುದ್ದಿಯನ್ನೆಲ್ಲ ತೊಗೊಂಡು ಒಗೆದು ಹಿಂಡಿ ಒಣಹಾಕುವ ಕಾರ್ಯಕ್ರಮ. ಅದರಲ್ಲೂ ಪಾಪ್ ಪಂಕ್ ಬ್ಯಾಂಡುಗಳು ಮತ್ತೆ ಒಂದಾದ ಸುದ್ದಿ ಸಿಕ್ಕಿದರೆ ಅವಳ ನಾಲಿಗೆ ಇನ್ನೂ ಚುರುಕಾಗುತ್ತಿತ್ತು. "ನೋಡ್ರಿ, ಪಾಪ್ ಪಂಕ್ ಅಂದ್ರೆ ಓಡೋ ಡ್ರಮ್ಮು, ಮೈತುಂಬ ಸಿಟ್ಟು, ಅದರ ಮೇಲೆ ಗುನುಗೋ ಹಾಗಿರೋ ರಾಗ. ಹದಿನೆಂಟಕ್ಕೆ ಚಂದ. ಐವತ್ತು ದಾಟಿದ ಮೇಲೆ ಚಡ್ಡಿ ಹಾಕ್ಕೊಂಡು ಎಗರಾಡ್ತಾ 'ಅಪ್ಪಾ, ನನ್ನ ರೂಮಿಗೆ ಬರಬೇಡ' ಅಂದ್ರೆ ಯಾವ ಅಪ್ಪ ಬರ್ತಾನ್ರಿ? ಮಂಡಿ ಹಿಡ್ಕೊಂಡ್ರೆ ಡಾಕ್ಟ್ರು ಬರ್ತಾರೆ!" ಬೀದಿಯವರು ಬಿದ್ದು ಬಿದ್ದು ನಗುತ್ತಿದ್ದರು.

ಇಷ್ಟೊಂದು ಸಿಟ್ಟು ಯಾಕೆ ಅಂದರೆ, ಅವಳೂ ಕಾಲೇಜಿನಲ್ಲಿ ಅಂಥದೇ ಬ್ಯಾಂಡು ಕಟ್ಟಿದ್ದಳು. ಹೆಸರು ಬ್ರೇಕ್ ಫೇಲ್. ಕುಮುದಾ ಹಾಡು, ಇರ್ಫಾನ್ ಬೇಸ್ ಗಿಟಾರು, ಸುಲೋಚನಾ ಡ್ರಮ್ಮು. ಎಫ್‌ಎಂ ರೇಡಿಯೋದವರು 'ನಿಧಾನವಾದ ಪ್ರೇಮಗೀತೆ ಇದ್ದರೆ ಕೊಡಿ, ಹಾಕ್ತೀವಿ' ಎಂದಾಗ ಸುಲೋಚನಾ ಆಗಲಿ ಅಂದಳು, ಕುಮುದಾ ಪ್ರಾಣ ಹೋದರೂ ಇಲ್ಲ ಅಂದಳು. ಸುಲೋಚನಾ ಕೋಲೆತ್ತಿಕೊಂಡು ಮದುವೆ ಆರ್ಕೆಸ್ಟ್ರಾ ಸೇರಿದಳು. ಆಮೇಲೆ ಇಬ್ಬರ ನಡುವೆ ಮಾತಿಲ್ಲ. ಕುಮುದಾ ಬಚ್ಚಲಮನೆಯಲ್ಲೂ ಹಾಡಲಿಲ್ಲ.

"ನಿನ್ನ ಹಾಡು ಒಂದು ಸಲ ಕೇಳಬೇಕು ಅಂತ ಆಸೆ ಕಣೇ," ಎಂದರು ಪಂಚಾಕ್ಷರಿ ಮೆಲ್ಲಗೆ. "ಅಟ್ಟದ ಮೇಲೆ ನಿಮ್ಮ ಕ್ಯಾಸೆಟ್ಟು ಸಿಕ್ತು. ಹಾಕಿ ನೋಡಿದೆ. ಚಿಕ್ಕಪೇಟೆ ಹಿಟ್ಟಿನ ಗಿರಣಿ ಮೇಲಿನ ರೂಮಲ್ಲಿ ಮಾಡಿದ್ದಲ್ವಾ? ಗಿರಣಿ ಸದ್ದಲ್ಲಿ ನಿನ್ನ ದನಿ ಸರಿಯಾಗಿ ಕೇಳಿಸ್ಲೇ ಇಲ್ಲ."

ಕುಮುದಾಳಿಗೆ ಒಳಗೆಲ್ಲೋ ಚುಳ್ಳೆಂದಿತು. ಇಷ್ಟು ವರ್ಷ ಈ ಮನುಷ್ಯ ಬಾಯಿಬಿಟ್ಟು ಕೇಳಿರಲಿಲ್ಲ.

"ಆಗಲ್ಲ ಅಂದ್ರೆ ಆಗಲ್ಲ! ಕ್ಯಾಸೆಟ್ಟು ಕೊಡಿ ಇಲ್ಲಿ!"

"ಅದು ಆಗಲೇ ಒಳಗಿದೆ," ಎಂದು ಗುಂಡಿ ಒತ್ತಿಯೇಬಿಟ್ಟರು.

ಮೊದಲು ಬಂದವನು ಇರ್ಫಾನ್. ಒಂದು ಕೈಯಲ್ಲಿ ಗಿಟಾರು, ಇನ್ನೊಂದು ಕೈಯಲ್ಲಿ ರಿಪೇರಿಗೆ ಬಂದ ಗಿರಾಕಿಯ ಅರ್ಧ ಬಿಚ್ಚಿದ ಮೊಬೈಲು. "ಏನೇ ಕುಮುದಾ, ಕಾಲು ತಾನಾಗೇ ಎಳ್ಕೊಂಡು ಬಂತಲ್ಲ!" ಎಂದು ಗಿಟಾರು ಮಿಡಿಯತೊಡಗಿದ. ಕುಮುದಾಳ ಗಂಟಲಲ್ಲೂ ಏನೋ ಕಚಗುಳಿ. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರೂ ಮೂಗಿನಿಂದ ಹಾಡು ಸೋರತೊಡಗಿತು!

ಅಷ್ಟರಲ್ಲಿ ಗೇಟು ಮತ್ತೆ ಕಿರ್ರೆಂದಿತು. ಮುದುಕಿಯೊಬ್ಬಳು ಒಣಮೆಣಸಿನಕಾಯಿ ಡಬ್ಬ ಹೊತ್ತು ಒಳಗೆ ಬಂದಳು. ಅವಳ ಹಿಂದೆ ರಾಗಿ ಡಬ್ಬದ ಮೇಷ್ಟ್ರು. ಅವರ ಹಿಂದೆ ಗೋಧಿಯವರು, ಜೋಳದವರು, ಹುರಿದ ಕಡಲೆಯವರು. ಬಂದವರೆಲ್ಲ ಡಬ್ಬಗಳನ್ನು ಸಾಲಾಗಿ ಇಟ್ಟು ನೆರಳಿಗೆ ಕೂತರು.

"ಇವರೆಲ್ಲ ಯಾರ್ರೀ?"

ಪಂಚಾಕ್ಷರಿಯವರು ಹಣೆ ಹಣೆ ಚಚ್ಚಿಕೊಂಡರು. "ಗಿರಣಿ ಗಿರಾಕಿಗಳು ಕಣೇ! ಕ್ಯಾಸೆಟ್ಟಲ್ಲಿ ಇವರ ಮಾತೂ ಇತ್ತಲ್ಲ! ಯಂತ್ರ ಇವರನ್ನೂ ಬ್ಯಾಂಡಿಗೆ ಸೇರಿಸ್ಕೊಂಡಿದೆ!"

"ನನ್ ಮೆಣಸಿನಕಾಯಿ ಮೊದ್ಲು!" ಎಂದಳು ಮುದುಕಿ.

"ಅಯ್ಯೋ ಸಾಕಮ್ಮಾ, ಮೆಣಸಿನಕಾಯಿ ಆದ್ಮೇಲೆ ನಮ್ ರಾಗಿ ಹಾಕಿದ್ರೆ ಮುದ್ದೆಯೆಲ್ಲ ಖಾರ!" ಮೇಷ್ಟ್ರು ಎದ್ದು ನಿಂತರು. "ನಿಂದು ಕೊನೇಲಿ!"

"ಡಬ್ಬ ಮೊದ್ಲು ಇಟ್ಟೋಳು ನಾನು! ಬೇಕಾದ್ರೆ ಆಮೇಲೆ ಒಂದ್ ಬೊಗಸೆ ಅಕ್ಕಿ ಬೀಸಿ ಕಲ್ಲು ತೊಳ್ಕೊಳ್ಳಿ!"

"ಬೀಸೋಕೆ ಇಲ್ಲಿ ಗಿರಣಿ ಎಲ್ಲಿದೆ ತಾಯೀ?" ಎಂದು ಪಂಚಾಕ್ಷರಿ ಕೈಮುಗಿದರು.

ಆಗ ಪುನರ್ಮಿಲನ ಯಂತ್ರ ಒಮ್ಮೆ ಗಂಟಲು ಸರಿಮಾಡಿಕೊಂಡಿತು. ಗುರ್ರ್ ಎಂದಿತು. ಹೊಟ್ಟೆಯೊಳಗೆ ಏನೋ ತಿರುಗತೊಡಗಿತು. ಹಸಿರು ಬಣ್ಣ ಪದರ ಪದರವಾಗಿ ಉದುರಿ ಕೆಳಗಿನಿಂದ 'ಚಿಕ್ಕಪೇಟೆ' ಎಂಬ ಕೆಂಪಕ್ಷರ ಇಣುಕಿತು! ಮುಚ್ಚಿಹೋದ ಆ ಗಿರಣಿಯ ಒಡಲನ್ನೇ ಪಂಚಾಕ್ಷರಿಯವರು ತಿಳಿಯದೆ ಗುಜರಿಯಿಂದ ತಂದಿದ್ದರು. ಕ್ಯಾಸೆಟ್ಟಿನಲ್ಲಿ ತನ್ನದೇ ಹರೆಯದ ದನಿ ಕೇಳಿದ ಗಿರಣಿ ತಾನೂ ಪುನರ್ಮಿಲನಕ್ಕೆ ಎದ್ದು ನಿಂತಿತ್ತು. ಸಾಕಮ್ಮ ತಡಮಾಡದೆ ಮೆಣಸಿನಕಾಯಿಯನ್ನು ಅದರ ಬಾಯಿಗೆ ಸುರಿದಳು. ಕೆಳಗಿನಿಂದ ನುಣ್ಣನೆಯ ಖಾರದಪುಡಿ ಇಳಿಯಿತು. ಅಂಗಳ ಪೂರ್ತಿ ಸೀನಿತು! ಆ ಸೀನಿನ ನಡುವೆಯೂ ಕುಮುದಾ ಕೈಮುಗಿದು ನಿಂತಳು. ಸತ್ತ ಕಬ್ಬಿಣ ಹಾಡುತ್ತಿದೆಯಲ್ಲ ಶಿವನೇ ಅನ್ನಿಸಿ ಅವಳ ಮೈ ಜುಮ್ಮೆಂದಿತು.

"ಎಲ್ಲಾ ಸರಿ, ಸುಲೋಚನಾ ಎಲ್ಲಿ?" ಎಂದ ಇರ್ಫಾನ್, ಮೂಗೊರೆಸಿಕೊಳ್ಳುತ್ತ.

ಪಂಚಾಕ್ಷರಿಯವರು ಟೇಪಿಗೆ ಕಿವಿಯಿಟ್ಟು ಕೇಳಿದರು. ಮುಖ ಸಪ್ಪೆಯಾಯಿತು. "ಡ್ರಮ್ಮಿನ ಸದ್ದು ಗಿರಣಿ ಸದ್ದಲ್ಲಿ ಪೂರ್ತಿ ಮುಳುಗಿಹೋಗಿದೆ. ಯಂತ್ರಕ್ಕೆ ಆಕೆ ಸಿಕ್ಕೇ ಇಲ್ಲ. ಆಕೆಯನ್ನ ಇದು ಕರೆಯಲ್ಲ ಕುಮುದಾ."

ಕುಮುದಾ ಗೇಟಿನ ಕಡೆ ನೋಡಿದಳು. ಇಡೀ ಚಿಕ್ಕಪೇಟೆಯೇ ಬಂದಿದೆ, ಬರಬೇಕಾದವಳೊಬ್ಬಳು ಬಂದಿಲ್ಲ. ಯಂತ್ರ ಕರೆಯದಿದ್ದರೆ ಕರೆಯುವವರು ಇನ್ನು ಯಾರು? ಅವಳಿಗೆ ಅಳು ಬಂತು, ಅದರ ಹಿಂದೆಯೇ ಹಠವೂ ಬಂತು. ಇರ್ಫಾನನ ಜೇಬಿನಿಂದ ಅವನ ಫೋನು ಕಿತ್ತುಕೊಂಡು ಅದರಲ್ಲಿದ್ದ ಸುಲೋಚನಾಳ ನಂಬರು ಒತ್ತಿದಳು.

"ಸುಲೋ... ನಾನು ಕಣೇ. ಬರ್ತೀಯಾ?"

ಆ ಕಡೆ ಆರ್ಕೆಸ್ಟ್ರಾದ ಸದ್ದು ದೂರವಾಯಿತು. ಆಮೇಲೆ, "ಪ್ರೇಮಗೀತೆ ಅಲ್ಲ ತಾನೇ? ಅದನ್ನ ಮದುವೆಗಳಲ್ಲಿ ಬಾರಿಸಿ ಬಾರಿಸಿ ಸಾಕಾಗಿದೆ."

"ಪ್ರಾಣ ಹೋದ್ರೂ ಅಲ್ಲ!"

"ಹಂಗಾದ್ರೆ ಬಂದೆ."

ಸುಲೋಚನಾ ಆರ್ಕೆಸ್ಟ್ರಾದ ಮಿರಿಮಿರಿ ಕೋಟಿನಲ್ಲೇ ಸ್ಕೂಟರಿಂದಿಳಿದಳು. ಅವಳು ಗೇಟಿನೊಳಗೆ ಕಾಲಿಡುವುದಕ್ಕೂ ಫ್ಯೂಸು ಢಂ ಎಂದು ಹಾರುವುದಕ್ಕೂ ಸರಿಹೋಯಿತು. ಟೇಪು ನಿಂತಿತು. ಎಲ್ಲರೂ ಕನಸಿನಿಂದ ಎದ್ದವರಂತೆ ಕಣ್ಣುಜ್ಜಿಕೊಂಡರು. ಇನ್ನು ಯಾರನ್ನೂ ಯಾವುದೂ ಹಿಡಿದಿಟ್ಟಿರಲಿಲ್ಲ. ಕುಮುದಾಳ ಗಂಟಲ ಕಚಗುಳಿಯೂ ಇಳಿದುಹೋಗಿತ್ತು.

ಯಾರೂ ಕದಲಲಿಲ್ಲ. ಸುಲೋಚನಾ ಮೇಷ್ಟ್ರ ಡಬ್ಬದ ರಾಗಿಯನ್ನು ಗಿರಣಿಯ ಬಾಯಿಗೆ ಸುರಿದು, ಅದನ್ನೂ ಸಾಕಮ್ಮನ ಖಾಲಿ ಡಬ್ಬವನ್ನೂ ಬೋರಲು ಹಾಕಿದಳು. ಕೋಟಿನ ಜೇಬಿನಿಂದ ಎರಡು ಕೋಲು ತೆಗೆದು ಬಡಿಯತೊಡಗಿದಳು. ಡಬಡಬ ಡಬಡಬ, ಅದೇ ಓಟ! ಇರ್ಫಾನ್ ಜೊತೆಗೂಡಿದ. ಕುಮುದಾ ಕಣ್ಣು ಮುಚ್ಚಿ, ಬಾಯಿ ತೆರೆದು, ತಾನಾಗೇ ಹಾಡಿದಳು. ದನಿ ಒಡೆದಿತ್ತು. ಮೇಲಿನ ಸ್ವರಕ್ಕೆ ಹೋಗುವಾಗ ಮಂಡಿಯೂ ಕಟಕ್ಕೆಂದಿತು. ಆದರೂ ಬಿಡಲಿಲ್ಲ. ಸಾಕಮ್ಮ ಚಪ್ಪಾಳೆ ತಟ್ಟಿದಳು, ಮೇಷ್ಟ್ರು ಎಗರಿದರು. ಆಗ ಎಲ್ಲರೂ ನೋಡಿದರು: ಕರೆಂಟೇ ಇಲ್ಲದ ಗಿರಣಿ, ಡಬ್ಬದ ತಾಳಕ್ಕೆ ಸರಿಯಾಗಿ, ತನ್ನಷ್ಟಕ್ಕೆ ತಾನೇ ತಿರುಗುತ್ತಿತ್ತು! ಹಾಡು ಮುಗಿಯುವಷ್ಟರಲ್ಲಿ ಮೇಷ್ಟ್ರ ರಾಗಿಯೆಲ್ಲ ಹಿಟ್ಟಾಗಿತ್ತು, ಕೆಂಪಗೆ.

ಕುಮುದಾ ಏದುಸಿರು ಬಿಡುತ್ತ ಗಂಡನ ಬಳಿ ಬಂದಳು. ಪಂಚಾಕ್ಷರಿಯವರ ಕೆನ್ನೆಯ ಮೇಲೆ ನೀರು ಧಾರೆಯಾಗಿ ಇಳಿಯುತ್ತಿತ್ತು.

"ಅಯ್ಯೋ, ಮೆಣಸಿನಕಾಯಿ ಘಾಟು ಕಣ್ರೀ ಅದು," ಎಂದಳು, ಸೆರಗಿನಿಂದ ಒರೆಸುತ್ತ.

"ಅರ್ಧ," ಎಂದರು ಪಂಚಾಕ್ಷರಿ.