ನಾನು ಡಬಲ್ ಬಾಸ್ ಬಾರಿಸಿದ ಪ್ರಸಂಗ

ನನ್ನ ಕಾಲಾಗ ಚಕ್ರ ಐತ್ರಿ. ಸಿಗ್ನಲ್ ಕೆಂಪಿದ್ರ ಟೆಂಪೋದಾಗ ಕುಂತಲ್ಲೇ ಚಡಪಡಸ್ತೀನಿ. ಇಂಥಾ ನನ್ನ, ಟೆಂಪೋ ಡ್ರೈವರ್ ನಾನಪ್ಪನ ಕೈಗೆ ವಿಧಾತ ಡಬಲ್ ಬಾಸ್ ಕೊಟ್ಟ.

ಡಬಲ್ ಬಾಸ್ ಅಂದ್ರ ಆಳೆತ್ತರದ ಪಿಟೀಲು. ಮಗಳು ಮಂಗಲಾಗ ಪಿಯಾನೋ ಕಲಸೂ ಟೀಚರ್ ಗೋವಾದ ವಾಸ್ಕೋದಾಗ ಮನಿ ಬದಲಿಸಿದಾಗ ಸಾಮಾನು ಹೊತ್ತಾಂವ ನಾನು. ಈ ಪಿಟೀಲನ್ನ ಕೂಸಿನಗತೆ ತಬ್ಕೊಂಡು ಇಳಿಸೂದು ನೋಡಿ, ನೀವೂ ಕಲೀರಿ ಅಂದ್ರು. ಹೂಂ ಅಂದೆ. (ಮನ್ಯಾಗಂತೂ ಬಾಸ್ ಆಗೂ ಯೋಗ ಇಲ್ಲ, ಹೊರಗರ ಡಬಲ್ ಬಾಸ್ ಆಗೋಣು ಅಂತ.)

ಎರಡು ವರ್ಷದ ಮ್ಯಾಲೆ ಟೀಚರ್ ಅಪ್ಪ-ಮಗಳಿಗೆ ಒಂದು ತುಂಟ ತುಣುಕು ಕೊಟ್ರು. ಪಿಯಾನೋ ಮುಂದ ಓಡಬೇಕು, ಬಾಸು ದಪ್ಪ ದನಿಲೆ ಬೆನ್ನು ಹತ್ತಬೇಕು. ಇದು ಹೊಸಬರಿಗೂ ಅಲ್ಲ, ಪಂಡಿತರಿಗೂ ಅಲ್ಲ, ನಡಬರ್ಕ ಕಲಿತವರಿಗೆ ಅಂದ್ರು.

"ಹಂಗಾರ ನಿಮ್ಮನ್ನ ನೋಡೇ ಬರದಾರ," ಅಂದ್ಲು ನನ್ನ ಹೆಂಡ್ತಿ ಹೇಮಿಬಾಯಿ.

ಟೀಚರ್ ಇಟ್ಟಿದ್ದ ಸಣ್ಣ ಕಾರ್ಯಕ್ರಮದಾಗ ಚಲೋ ಬಾರಿಸಿದ್ರ ಮಂಗಲಾನ ಮಡಗಾಂವದ ದೊಡ್ಡ ಕಾರ್ಯಕ್ರಮಕ್ಕ ಆರಿಸ್ತಿದ್ರು. ತಾಲೀಮಿನಾಗ ಟೀಚರ್, ನಿಮ್ಮ ಟೆಂಪೋ ಭಾಳ ಜೋರು ಅಂದ್ರು. ಇಲ್ಲರಿ, ಹೊರಗ ನಿಲ್ಲಿಸೇನಿ ಅಂದೆ. ಸಂಗೀತದಾಗ ವೇಗಕ್ಕೂ ಟೆಂಪೋ ಅಂತಾರಂತ ಆಮ್ಯಾಲೆ ತಿಳೀತು.

ಕಾರ್ಯಕ್ರಮದ ದಿನ ಮೊದಲ ಪುಟ ಸುರಳೀತ ಹೋತು. ಎರಡನೇದಕ್ಕ ಕಾಲು ಕುಣ್ಯಾಕ ಹತ್ತಿದ್ವು, ಕೈ ಅವುಗಳ ಬೆನ್ನು ಹತ್ತಿತು. ಪಿಯಾನೋನ ಓವರ್‌ಟೇಕ್ ಮಾಡಿ ಮುಗಿಸೇಬಿಟ್ಟೆ. ಎದ್ದು ಬಾಗಿ ನಮಸ್ಕಾರ ಮಾಡಿದೆ. ಚಪ್ಪಾಳಿ ಇಲ್ಲ. ಹೊಳ್ಳಿ ನೋಡಿದ್ರ, ಮಂಗಲಾ ಕಣ್ಣಾಗ ನೀರು ತುಂಬ್ಕೊಂಡು ಇನ್ನೂ ಬಾರಿಸಾಕತ್ತಾಳ, ಅರ್ಧ ಪುಟ ಬಾಕಿ.

ಅಷ್ಟರಾಗ ಮೂರನೇ ಸಾಲಿನಿಂದ ಹೇಮಿಬಾಯಿ ದನಿ ಬಂತು. "ಸುಮ್ನ ಕುಂದರ್ರಿ. ಕೂಸು ಇನ್ನೂ ಬಾರಿಸಾಕತ್ತೈತಿ."

ಬಾಸು ತಬ್ಕೊಂಡು ಮಗಳ ಬೆಂಚಿನ ತುದಿಗೆ ಕುಂತೆ. ಆಕಿ ಕೈ ನಿಲ್ಲಿಸಲಿಲ್ಲ. ಫಕ್ಕನೆ ನಕ್ಕು, ಒಂದೀಟು ಸರದು, ಕಡೀತನಕ ಬಾರಿಸಿದ್ಲು. ಇದೂ ತುಂಟ ತುಣುಕಿನಾಗ ಸೇರಿದ್ದಂತ ತಿಳಿದ ಮಂದಿ ಎದ್ದು ನಿಂತು ಚಪ್ಪಾಳಿ ತಟ್ಟಿದ್ರು.

ಮರುದಿನ ಟೀಚರ್ ಮಂಗೋರ್ ಹಿಲ್ ಹತ್ತಿ ನಮ್ಮ ಮನೀಗೇ ಬಂದ್ರು. ಮಡಗಾಂವಕ್ಕ ಆರಿಸ್ಯಾರಂತ. ನಾನು ಲಗೂನ ಹೊಸಾ ಅಂಗಿ ತೆಗೆದೆ. ಅವರು ಕೆಮ್ಮಿ ಹೇಳಿದ್ರು: ಮಂಗಲಾ ಬೇಕು, ಹೇಮಿಬಾಯಿ ಬೇಕಬೇಕು, ಅದೇ ಮಾತು ಅದೇ ಜಾಗಾದಾಗ ಅನಬೇಕು. ಬಾಸಿಗೆ ಮಾತ್ರ ಒಬ್ಬ ಸಮಾಧಾನದ ಮನಷ್ಯಾನ್ನ ನೋಡ್ಯಾರಂತ.

ಈಗ ದಿನಾ ಸಂಜಿಮುಂದ ಶ್ರೀಮತಿ ಹೇಮಿಬಾಯಿಯವರ ತಾಲೀಮು ನಡದೈತ್ರಿ. ಬೈಸ್ಕೊಳ್ಳಾಕ ಎದುರಿಗೆ ಯಾರರ ನಿಲ್ಲಬೇಕಲ್ಲ, ಆ ಪಾತ್ರ ನನಗ ಕೊಟ್ಟಾರ.