ಮಾತು ಕೇಳದ ಕಿಡ್ನಿ

ನಗಬಾರದ ಜಾಗದಲ್ಲಿಯೇ ನನಗೆ ನಗು ಬರುವಂಥದ್ದು ಆಗುವುದು. ಈಗ ಆ ಜಾಗ ಬಂಟ್ವಾಳದ ಕಡೆಯ ಒಂದು ಆಸ್ಪತ್ರೆ. ನನ್ನ ಯಜಮಾನರ ಕಿಡ್ನಿ ಸೋತಿದೆ. ವಾರಕ್ಕೆ ಎರಡು ಸಲ ವೇಣೂರಿನಿಂದ ಬಸ್ಸು ಹಿಡಿದು ಡಯಾಲಿಸಿಸ್‌ಗೆ ಹೋಗ್ತೇವೆ.

ಕಿವಿ

ಮೊದಲ ದಿನ ಡಾಕ್ಟ್ರು ಚಿತ್ರ ಬರೆದು ತೋರಿಸಿದರು.

"ಅಮ್ಮಾ, ಕಿಡ್ನಿಯ ಜೀವಕಣಕ್ಕೆ ಕಿವಿಯಂಥದ್ದೊಂದು ಉಂಟು, ರಿಸೆಪ್ಟರ್ ಅಂತ. ರಕ್ತದಲ್ಲಿ ಪೊಟ್ಯಾಸಿಯಂ ಎಂಬ ಲವಣ ಹೆಚ್ಚಾದರೆ ಒಂದು ಹಾರ್ಮೋನು ಬಂದು ಆ ಕಿವಿಯಲ್ಲಿ ಹೇಳ್ತದೆ. ಕಣ ಬಾಗಿಲು ತೆಗೆದು ಅದನ್ನು ಮೂತ್ರಕ್ಕೆ ದಬ್ಬುತ್ತದೆ. ಇವರಲ್ಲಿ ಉಳಿದ ಕೆಲವೇ ಕಣಗಳಿಗೂ ಎಷ್ಟು ಹೇಳಿದರೂ ಕೇಳುವುದಿಲ್ಲ. ಪೊಟ್ಯಾಸಿಯಂ ಒಳಗೇ ಏರಿದರೆ ಹೃದಯವೇ ನಿಲ್ತದೆ."

ಹೃದಯ ನಿಲ್ತದೆ ಅಂದರೂ ನನ್ನ ಬಾಯಿ ನಿಲ್ಲಬೇಕಲ್ಲ?

"ಡಾಕ್ಟ್ರೇ, ನಾನು ಹೇಳಿದ್ದನ್ನು ಇವರು ಐವತ್ತು ವರ್ಷದಿಂದ ಕೇಳಲಿಲ್ಲ. ಕಿಡ್ನಿಗೆ ಬೇರೆ ಬುದ್ಧಿ ಎಲ್ಲಿಂದ ಬರಬೇಕು?"

ಉಪ್ಪು

ಉಪ್ಪು ಕಡಿಮೆ ಮಾಡಿ ಅಂತ ಡಾಕ್ಟ್ರು ಅಂದಿದ್ದರು. ಉಪ್ಪಿಲ್ಲದ ಗಂಜಿ ಇವರಿಗೆ ಇಳಿಯುವುದಿಲ್ಲ. ಲಾಯಿಲದ ನನ್ನ ತಂಗಿ "ಇದು ಸೋಡಿಯಂ ಕಡಿಮೆ ಇರುವ ಉಪ್ಪು ಅಕ್ಕಾ, ಹಾಕು" ಅಂತ ಒಂದು ಪ್ಯಾಕೆಟ್ಟು ತಂದಳು. ಇವರು ಕನ್ನಡಕ ಏರಿಸಿ ಅದರ ಇಂಗ್ಲಿಷು ಓದಿ, "ಹೃದಯಕ್ಕೆ ಒಳ್ಳೆಯದಂತೆ ಮಾರಾಯ್ತಿ" ಅಂದರು. ಒಂದು ವಾರ ಗಂಜಿ ಚಪ್ಪರಿಸಿ ಉಂಡರು.

ರಕ್ತ ಪರೀಕ್ಷೆಯ ಕಾಗದ ನೋಡಿ ಡಾಕ್ಟ್ರು, "ಪೊಟ್ಯಾಸಿಯಂ ಏರಿದೆ, ಏನು ತಿನ್ನಿಸಿದಿರಿ?" ಅಂತ ಕೇಳಿದರು. ಪ್ಯಾಕೆಟ್ಟು ತರಿಸಿ ಅವರು ಹಿಂಬದಿ ಓದಿದರೆ, ಸೋಡಿಯಂ ತೆಗೆದ ಜಾಗಕ್ಕೆ ಪೊಟ್ಯಾಸಿಯಂ ತುಂಬಿದ್ದಾರೆ! ಆ ದಿನ ಯಂತ್ರದ ಮುಂದೆ ಇವರ ಉಸಿರು ಎಣಿಸುತ್ತಾ ಕೂತೆ. ಶಾಲೆಯ ಮೆಟ್ಟಿಲು ಹತ್ತದವಳು ನಾನು. ಓದಿ ಸಾಯಲು ಹೊರಟವರು ಇವರು.

ಬೊಂಡ

ನಮ್ಮಲ್ಲಿ ರೋಗಿಯನ್ನು ನೋಡಲು ಯಾರೂ ಬರಿಗೈಯಲ್ಲಿ ಬರುವುದಿಲ್ಲ, ಎಳನೀರಿನ ಬೊಂಡ ತರ್ತಾರೆ. ಎಳನೀರಿನಲ್ಲಿ ಪೊಟ್ಯಾಸಿಯಂ ತುಂಬಿ ಉಂಟು, ಇವರಿಗೆ ಒಂದು ಲೋಟವೂ ವಿಷ. ತೋಡಾರಿನ ನಾದಿನಿ ಹತ್ತು ಬೊಂಡ ಇಳಿಸಿ, "ಬರೀ ನೀರಲ್ವಾ ಅತ್ತಿಗೆ? ಅಣ್ಣನಿಗೆ ಅದೂ ಇಲ್ವಾ?" ಅಂತ ಅತ್ತಳು. ಅತ್ತು ಬಾಯಾರಿ ಎರಡು ಬೊಂಡ ಅವಳೇ ಕುಡಿದಳು.

ಇವರು ಅವಳ ಗಂಟಲನ್ನೇ ನೋಡ್ತಾ ಇದ್ದರು. ಅವಳು ಹೋದ ಮೇಲೆ ಮೆಲ್ಲಗೆ ಕೇಳಿದರು:

"ನಾನು ಸತ್ತ ಮೇಲೆ ನನ್ನ ಹೆಸರಿನಲ್ಲಿ ಎಲೆ ಬಡಿಸಿದಾಗ ಒಂದು ಬೊಂಡ ಕೆತ್ತಿ ಇಡ್ತೀಯಲ್ಲಾ?"

ಸೆರಗು ಬಾಯಿಗೆ ಒತ್ತಿಕೊಂಡು ಹೇಳಿದೆ:

"ಸತ್ತ ಮೇಲಾದರೂ ಬೊಂಡ ಆಗ್ತದಾ ಅಂತ ಮೊದಲು ಡಾಕ್ಟ್ರ ಹತ್ರ ಒಂದು ಮಾತು ಕೇಳುವ."