ಕೋದಂಡರಾಮಪ್ಪನವರು ನಿಲ್ಲಿಸಿದ ಧಾರಾವಾಹಿ

ಮೈಸೂರಿನಲ್ಲಿ ಕೂತ ಯಾವಳೋ ಒಬ್ಬ ಲೇಖಕಿ ತಮ್ಮ ಮಾನವನ್ನು ವಾರವಾರವೂ ಅಚ್ಚು ಹಾಕಿಸಿ ಮಾರುತ್ತಿದ್ದಾಳೆ ಎಂಬುದು ಕೋದಂಡರಾಮಪ್ಪನವರ ದೂರು. ಆ ಮಹಾತಾಯಿ ಅವರ ಊರಿಗೆ ಹತ್ತಿರದ ಟೇಕಲ್ ಸ್ಟೇಷನ್ನನ್ನು ರೈಲಿನ ಕಿಟಕಿಯಿಂದಲೂ ಕಂಡವಳಲ್ಲ. ಆದರೂ ಆ ಸ್ಟೇಷನ್ನಿನ ಬಳಿಯ ಕ್ಷೌರದಂಗಡಿಯಲ್ಲಿ ಕೈಗೆ ಸಿಕ್ಕ ವಾರಪತ್ರಿಕೆಯಲ್ಲಿ ಅವಳ ಧಾರಾವಾಹಿಯ ಒಂದು ಕಂತು ಓದಿ, ಅರ್ಧ ಬೋಳಿಸಿದ ಗಡ್ಡದಲ್ಲೇ ಅವರು ಬೆವೆತುಹೋದರು. ಕಥೆಯಲ್ಲಿ ಒಬ್ಬ ಗುಮಾಸ್ತ. ಹೆಂಡತಿಗೆ ಜ್ವರ. ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದು ಎರಡು ದಿನ ಬೇಡುತ್ತಾಳೆ. ಅವನಿಗೆ ಆಫೀಸಿನ ಕೆಲಸ, ಬಿಡುವಿಲ್ಲ. ಬಿಡುವಾಗುವ ಹೊತ್ತಿಗೆ ಅವಳೇ ಇರುವುದಿಲ್ಲ.

ಇದರಲ್ಲಿ ಊರಿನವರಿಗೆ ಕಾಣುವಂಥದ್ದು ಏನೂ ಇರಲಿಲ್ಲ. ಕಂಡದ್ದು ಅವರೊಬ್ಬರಿಗೇ. ಹನ್ನೊಂದು ವರ್ಷದ ಹಿಂದೆ ಮೊದಲ ಹೆಂಡತಿ ಶ್ಯಾಮಲಮ್ಮ ಜ್ವರದಲ್ಲಿ ಮಲಗಿ, ಕೋಲಾರಕ್ಕೆ ಕರೆದುಕೊಂಡು ಹೋಗಿ ಎಂದು ಮೂರು ದಿನ ಕೇಳಿದ್ದಳು. ಆಗ ಮನೆ ತುಂಬ ರೇಷ್ಮೆಹುಳ ಹಣ್ಣಾಗಿತ್ತು. ಹಣ್ಣಾದ ಹುಳವನ್ನು ಆಯ್ದು, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡದಿದ್ದರೆ ಗೂಡೂ ಇಲ್ಲ, ಬೆಳೆಯೂ ಇಲ್ಲ. ಆಮೇಲೆ ಹೋಗೋಣ ಎಂದರು. ಆ ಸಲ ಗೂಡು ಬಹಳ ಚೆನ್ನಾಗಿ ಬಂತು. ಊರಿಗೆ ಮಾತ್ರ, "ಪಾಪ, ಜ್ವರ ಮುಚ್ಚಿಟ್ಟಿದ್ಲು, ಗೊತ್ತಾದ ಗಳಿಗೆಗೇ ಗಾಡಿ ಕಟ್ದೆ" ಎಂದು ಹೇಳಿಬಿಟ್ಟರು. ಎರಡನೇ ಹೆಂಡತಿ ಭಾರತಮ್ಮನಿಗೂ ಅದನ್ನೇ ಹೇಳಿದ್ದರು. ಅವಳು ನಂಬಿ, ಇಂಥ ಗಂಡ ಯಾರಿಗುಂಟು ಎಂದು ತವರಿನಲ್ಲೆಲ್ಲ ಹೇಳಿಕೊಂಡಿದ್ದಳು. ಆ ನಂಬಿಕೆ ಎಲ್ಲಿ ಹೋದೀತೋ ಎಂಬುದೇ ಅವರ ಪ್ರಾಣಸಂಕಟ.

ಊರಿಗೆ ಆ ಪತ್ರಿಕೆ ಬರುತ್ತಿದ್ದುದು ಒಂದೇ ಪ್ರತಿ, ಸ್ಕೂಲ್ ಮೇಡಂ ಅನಸೂಯಮ್ಮನ ಮನೆಗೆ. ಅದನ್ನು ಭಾರತಮ್ಮ ಇಸಕೊಂಡು ತರುತ್ತಿದ್ದಳು. ಅರ್ಧ ಗಡ್ಡದಲ್ಲೇ ಮನೆಗೆ ಬಂದ ಕೋದಂಡರಾಮಪ್ಪನವರು ರಾಜಾಜ್ಞೆ ಹೊರಡಿಸಿದರು.

"ಇವತ್ತಿಂದ ಆ ಪುಸ್ತಕ ನಮ್ಮನೆ ಹೊಸ್ತಿಲು ದಾಟಬಾರ್ದು ಕಣೇ."

"ಯಾಕ್ರೀ? ಅದ್ರಲ್ಲಿ ಅಡುಗೆ ಚೆನ್ನಾಗಿ ಬರೀತಾರೆ."

"ಅಡುಗೆ ಅಲ್ವೇ, ಆ ಧಾರಾವಾಹಿ! ಸಂಸಾರಸ್ಥರು ಓದೋ ಅಂಥದ್ದಲ್ಲ."

"ಹೌದಾ? ನಾನು ಅದನ್ನ ಓದೇ ಇಲ್ವಲ್ಲಾ!" ಎಂದಳು ಭಾರತಮ್ಮ. ಅಂದು ಸಂಜೆಯೇ ಅನಸೂಯಮ್ಮನ ಜಗಲಿಯಲ್ಲಿ ಕೂತು ಮೊದಲಿನಿಂದ ಓದಿದಳು.

ಅಲ್ಲಿಗೆ ಸುಮ್ಮನಿದ್ದಿದ್ದರೆ ಇಬ್ಬರು ಹೆಂಗಸರಿಗೆ ಮುಗಿದುಹೋಗುತ್ತಿತ್ತು. ಆದರೆ ಅವರು ಹಾಲಿನ ಸಂಘದ ಅಧ್ಯಕ್ಷರು, ಆ ಗತ್ತು ಬಿಡಬೇಕಲ್ಲ! ತೋಟಿ ದೊಡ್ಡಮುನಿಯಪ್ಪನನ್ನು ಕರೆಸಿ ತಮಟೆ ಹೊಡೆಸಿದರು. "ಕೇಳ್ರಪ್ಪೋ! ಆ ಕಥೆ ಯಾರೂ ಓದಬಾರ್ದಂತೆ, ಓದಿಸಿ ಕೇಳಬಾರ್ದಂತೆ!" ಎಂದು ದೊಡ್ಡಮುನಿಯಪ್ಪ ಕಥೆಯ ಹೆಸರನ್ನು ಬೀದಿಬೀದಿಗೂ ನಾಲ್ಕು ಸಲ ಹೇಳಿದ. "ಏನೈತಲಾ ಅದ್ರಲ್ಲಿ?" ಎಂದು ಕೇಳಿದವರಿಗೆ, "ನಂಗೇನ್ ಗೊತ್ತು? ತಮಟೆ ಹೊಡೆಸೋ ಅಷ್ಟು ಐತೆ" ಎಂದ. ಮಾರನೆಯ ದಿನ ಅನಸೂಯಮ್ಮನ ಜಗಲಿಯಲ್ಲಿ ಚಪ್ಪಲಿ ಬಿಡಲು ಜಾಗವಿರಲಿಲ್ಲ. ಅಕ್ಷರ ಬಾರದವರು ಮುಂದಿನ ಸಾಲಿನಲ್ಲಿದ್ದರು.

ಇನ್ನು ಉಳಿದದ್ದು ಬೇರು ಸಹಿತ ಕೀಳುವುದು. ಶುಕ್ರವಾರ ಬೆಳಗ್ಗೆಯೇ ಟೇಕಲ್ ಸ್ಟೇಷನ್ನಿಗೆ ಹೋಗಿ ಮುನಿಯಲ್ಲಪ್ಪನ ಅಂಗಡಿಯಲ್ಲಿದ್ದ ಎಂಟೂ ಪ್ರತಿ ಕೊಂಡರು. ಮುಂದಿನ ಶುಕ್ರವಾರ ಹೋದರೆ ಮೂವತ್ತು ಪ್ರತಿ ಬಂದಿದ್ದವು. "ನಿಮ್ಮನ್ನ ನಂಬ್ಕೊಂಡೇ ತರಿಸಿದ್ದು ಸ್ವಾಮಿ. ಏಜೆಂಟ್ರು ಕೇಳ್ತಾರೆ, ಟೇಕಲ್ ಅಲ್ಲಿ ಅದ್ಯಾರಪ್ಪಾ ಈ ಕಥೆಗೆ ಪ್ರಾಣ ಬಿಡೋರು ಅಂತ" ಎಂದು ಮುನಿಯಲ್ಲಪ್ಪ ಹಲ್ಲು ಕಿರಿದ. ಅವರು ಮೂವತ್ತನ್ನೂ ಚೀಲಕ್ಕೆ ತುಂಬಿಕೊಂಡರು.

ಮನೆಗೆ ತಂದು ಸುಡಲು ಹೊರಟರೆ ಭಾರತಮ್ಮ ಬೆಂಕಿಪೊಟ್ಟಣ ಕಿತ್ತುಕೊಂಡಳು. "ಮರಿಹುಳ ಇರೋ ಮನೇಲಿ ಹೊಗೆ ಹಾಕ್ತೀರಾ? ಒಂದೂ ಉಳಿಯಲ್ಲ!" ಹುಳದ ಹೆಸರೆತ್ತಿದರೆ ಅವರು ತಣ್ಣಗಾಗುವವರೇ. "ಹಂಗಾದ್ರೆ ಗೊಬ್ಬರದ ಗುಂಡಿಗೆ ಹಾಕು" ಎಂದು ಹೇಳಿ ಸಂಘದ ಮೀಟಿಂಗಿಗೆ ಹೋದರು. ಒಳ್ಳೆಯ ಕಾಗದವನ್ನು ಗುಂಡಿಗೆ ಹಾಕುವ ಹೆಂಗಸು ರೇಷ್ಮೆ ಸಾಕುವ ಊರಿನಲ್ಲಿ ಎಲ್ಲಿದ್ದಾಳೆ? ಮರಿಹುಳದ ತಟ್ಟೆಗೆ ಹಾಸಲು ಹಳೇ ಪೇಪರಿಗೆ ಎಲ್ಲರೂ ಪರದಾಡುತ್ತಿದ್ದರು. ಭಾರತಮ್ಮ ತನ್ನ ತಟ್ಟೆಗಳಿಗೆ ಹಾಸಿ, ಮಿಕ್ಕದ್ದನ್ನು ಹನ್ನೆರಡು ಮನೆಗೆ ಹಂಚಿದಳು. ಪ್ರತಿ ಸಂಚಿಕೆಯ ತಲೆಯ ಮೇಲೂ 'ಇಲ್ಲಿಯವರೆಗೆ' ಎಂದು ಹಿಂದಿನ ಕಥೆಯನ್ನೆಲ್ಲ ಕೊಡುತ್ತಿದ್ದುದರಿಂದ ಗುಮಾಸ್ತನ ಹೆಂಡತಿ ಮನೆಮನೆಯ ತಟ್ಟೆಯಲ್ಲೂ ಸತ್ತಳು. ಹುಳ ಸೊಪ್ಪು ತಿಂದಷ್ಟೂ ಕೆಳಗಿನ ಸಾಲು ಕಾಣುತ್ತಿತ್ತು. ಅವು ತಿಂದು ಮುಗಿಸುವುದನ್ನೇ ಹೆಂಗಸರು ಬಗ್ಗಿ ಕಾಯುತ್ತಿದ್ದರು.

ಹುಳ ಹಣ್ಣಾಯಿತು. ಪದ್ಧತಿಯಂತೆ ಅಕ್ಕಪಕ್ಕದ ಹೆಂಗಸರು ಒಬ್ಬರ ಕೆಲಸಕ್ಕೆ ಒಬ್ಬರು ಎಂಬ ಮುಯ್ಯಿಗೆ ಬಂದು ಕೋದಂಡರಾಮಪ್ಪನವರ ಮನೆಯಲ್ಲಿ ಹುಳ ಆಯುತ್ತಿದ್ದರು. ಬಾಯಿ ಸುಮ್ಮನಿರುತ್ತದೆಯೇ? ಪಕ್ಕದ ಮನೆಯ ಮುದುಕಿ ಆಂಜಿನಮ್ಮ ಗುಮಾಸ್ತನಿಗೆ ಶಾಪ ಹಾಕುತ್ತಿದ್ದಳು.

"ಅಯ್ಯೋ ದೇವುಡಾ! ಎರಡು ದಿನ ಬೇಡ್ಕೊಂಡ್ಲಂತೆ, ಪಾಪಿ ಅಲ್ಲಾಡ್ಲಿಲ್ವಲ್ಲ. ಒಂದು ತೊಟ್ಟು ನೀರೂ ಕೊಡ್ಲಿಲ್ವಂತೆ."

"ಅಂಥೋನ ಕೈ ಸೇದಿಹೋಗ" ಎಂದಳು ಭಾರತಮ್ಮ.

ಸೊಪ್ಪಿನ ಹೊರೆ ಇಳಿಸುತ್ತಿದ್ದ ಕೋದಂಡರಾಮಪ್ಪನವರಿಗೆ ಹೆಂಡತಿಯ ಶಾಪ ನೆತ್ತಿಗೇರಿತು. "ಗಂಡಸಿನ ಕಷ್ಟ ಏನ್ ಗೊತ್ತು ನಿಮ್ಗೆ?" ಎಂದು ಬಾಗಿಲಲ್ಲೇ ಅರಚಿದರು.

"ಯಾವನೋ ಗುಮಾಸ್ತನ್ನ ಬೈದ್ರೆ ನಿಮಗ್ಯಾಕ್ರೀ ಸಿಟ್ಟು?"

"ಯಾಕಾ? ಅವಳು ಬರ್ದಿರೋದೆಲ್ಲ ಸುಳ್ಳು ಕಣೇ! ಎರಡು ದಿನ ಅಲ್ಲ, ಮೂರು ದಿನ! ನೀರು ಕೊಡ್ಲಿಲ್ಲ ಅಂತಾಳಲ್ಲ, ನಾನೇ ಕೈಯಾರ ಎರಡು ಸಲ ಕೊಟ್ಟಿದ್ದೆ!"

ಹುಳ ಹಿಡಿದ ಕೈಗಳೆಲ್ಲ ನಿಂತವು. ತಾನು ಏನು ಹೇಳಿದೆ ಎಂಬುದು ಅವರಿಗೆ ಎಲ್ಲರಿಗಿಂತ ಕೊನೆಗೆ ತಿಳಿಯಿತು. ಆಂಜಿನಮ್ಮ ಕೈಯಲ್ಲಿದ್ದದ್ದನ್ನು ತಟ್ಟೆಗೆ ಹಾಕಿ ಎದ್ದಳು. ಅವಳ ಹಿಂದೆ ಉಳಿದವರೂ ಒಬ್ಬೊಬ್ಬರಾಗಿ ಎದ್ದು, ಬಾಗಿಲಲ್ಲಿದ್ದ ಅವರನ್ನು ಬಳಸಿ ಹೊರಗೆ ಹೋದರು. ಉಳಿದವಳು ಭಾರತಮ್ಮ ಒಬ್ಬಳೇ. ಅವಳು ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಕೋದಂಡರಾಮಪ್ಪನವರಿಗೆ ಇಂದಿಗೂ ಅನ್ನಿಸುತ್ತದೆ.

"ನನಗೇನಾದ್ರೂ ಹುಷಾರು ತಪ್ಪಿದ್ರೆ ಆಂಜಿನಮ್ಮನಿಗೆ ಹೇಳ್ತೀನಿ ಬಿಡಿ, ನಿಮ್ಗೆ ತೊಂದ್ರೆ ಕೊಡಲ್ಲ" ಎಂದು ಹೇಳಿ, ಅವಳು ಮುಂದಿನ ತಟ್ಟೆಯನ್ನು ಎಳೆದುಕೊಂಡಳು.